ಪರದೆ

ಮುದ್ರೆ ಒತ್ತುವ ಮೊದಲು ಐರಿನ್ ಬಾಯಿ ಕೇಳಿದರು,
"ಮಗಳಿಗಾ?"
ಹೂಂ ಅಂದೆ. ಮಗಳಿಲ್ಲ ನನಗೆ.

ಸುಲ್ತಾನ್ ಬತ್ತೇರಿಯ ದೋಣಿಯಲ್ಲಿ
ಐವತ್ತೆರಡರ ನಾನು, ಹದಿನಾರರ ಅವಳು.
ಮೂರನೇ ಪುಟಕ್ಕೇ ಅಮ್ಮನ ಮೇಲೆ ಸಿಟ್ಟು,
ಬಾಗಿಲು ಧಡಾರ್.
ಇಪ್ಪತ್ತರಲ್ಲಿ ಮತ್ತೆ. ನಲವತ್ತೊಂದರಲ್ಲಿ ಮತ್ತೆ.
ಎಂಥದು ಮಾರಾಯ್ತಿ, ಅಂದೆ ಗಟ್ಟಿಯಾಗಿಯೇ;
ಉಳಿದ ಬಂಗುಡೆಗೆ ಐಸು ಸರಿಮಾಡುತ್ತಿದ್ದ ಹೆಂಗಸು
ತನಗೇ ಅಂದದ್ದೆಂದು ತಿರುಗಿ ನೋಡಿದಳು.

ಬೆಂಗ್ರೆಯ ನಮ್ಮ ಕೋಣೆಗೆ ಬಾಗಿಲಿರಲಿಲ್ಲ,
ಅಕ್ಕನ ಹಳೇ ಸೀರೆಯ ಪರದೆ.
ಹತ್ತನೇ ಕ್ಲಾಸು ಮುಗಿದು, ಇನ್ನು ಸಾಕು ಶಾಲೆ ಎಂದ ರಾತ್ರಿ
ಅದನ್ನೇ ಎಳೆದೆ, ಇದ್ದ ಬಲವೆಲ್ಲ ಹಾಕಿ.
ಸದ್ದೇ ಆಗಲಿಲ್ಲ.
ಆಮೇಲೆ ಗಾಳಿಗೆ ತಾನೇ ಸರಿದುಕೊಂಡಿತು.

ಕೊನೆಗೆ ಇವಳು ಕ್ಷಮೆ ಕೇಳುತ್ತಾಳಂತೆ.
ಮೊದಲು ಓದಿದವರಾರೋ
ಪೆನ್ಸಿಲಿನಲ್ಲಿ ಬರೆದಿಟ್ಟು ಕೆಡಿಸಿದ್ದಾರೆ.
ನನಗೆ ಬೇಡ ಆ ಪುಟಗಳು.

ದಡ ಬಂತು. ಇಳಿಯುವಾಗಲೂ
ಬೆರಳು ಎಂಬತ್ತೆಂಟರಲ್ಲೇ ಇತ್ತು.
ಇನ್ನೊಂದು ಸಲ ಹಾಕು ಬಾಗಿಲು, ಹುಡುಗಿ,
ಹೊಳೆಯಾಚೆಗೂ ಕೇಳುವ ಹಾಗೆ.
ತಡವಾದರೆ ಆಗಲಿ,
ದಂಡ ನಾನು ಕಟ್ಟುತ್ತೇನೆ.