ಹಿಟ್ಟು ಬಳಿದ ಎಲೆ

ಸಿರುಗುಪ್ಪ ರಸ್ತೆಯ ಕೋಲ್ಡ್ ಸ್ಟೋರೇಜಿನಲ್ಲಿ
ಕಂಪ್ರೆಸರ್ ಕಾಯುವವನು ನಾನು.
ಒಳಗೆ ಸಾವಿರ ಸಾವಿರ ಚೀಲ ಒಣಮೆಣಸಿನಕಾಯಿ
ತನ್ನ ಉರಿಯನ್ನು ತಾನೇ ಹೊದ್ದು ಮಲಗಿರುತ್ತದೆ.
ಹೊರಗೆ ಬಳ್ಳಾರಿ.

ಸೇಬಿನ ಲಾರಿಯ ತೇಜರಾಮ
ಬೀಡಿ ಕಟ್ಟಿನ ಕಾಗದ ಬಿಚ್ಚಿ ಬೀಜ ಕೊಟ್ಟ.
ಸಾಸಿವೆ ಇವುಗಳ ಮುಂದೆ ಕುಂಬಳಕಾಯಿ;
ಇಬ್ಬರೂ ಉಸಿರು ಹಿಡಿದೇ ನೋಡಿದೆವು.
ಪ್ರಿಮುಲಾ ಅಂದ. ಹಿಮ ಕರಗುವ ಅಂಚಿಗೆ
ಗುಡ್ಡದ ಮೇಲೆ ಅರಳುವುದಂತೆ.
ಮೊದಲು ಚಳಿ ಉಣ್ಣಬೇಕು, ಆಮೇಲೆ ಮೊಳಕೆ,
ಅರ್ಧ ಹಿಂದಿಯಲ್ಲಿ, ಅರ್ಧ ಕೈಯಲ್ಲಿ ಹೇಳಿದ.

ಚಳಿ ತಾನೆ?
ಊರಿಗೆ ಊರೇ ಬೇಡಿದರೂ ಸಿಗದ್ದು
ನನ್ನ ಕೈಯ ಸ್ವಿಚ್ಚಿನಲ್ಲಿತ್ತು.

ಕಂಪ್ಲಿಯ ಹೊಳೆಮರಳು, ಕ್ವಾರಿಯ ಕಲ್ಲುಚೂರು,
ಬೇವಿನ ಬುಡದ ಕೊಳೆತ ಎಲೆ.
ಬೀಜ ಮುಚ್ಚಲಿಲ್ಲ, ಮೇಲೆ ಉದುರಿಸಿದೆ ಅಷ್ಟೆ.
ಮೂರನೇ ಚೇಂಬರು, ಐದು ಡಿಗ್ರಿ, ಎಂಟು ವಾರ.
"ಈ ಕುಂಡದ ಬಾಡಿಗಿ ಯಾರು ಕೊಡ್ತಾರಪಾ?"
ಅಂದರು ಸಾವ್ಕಾರರು. ನಕ್ಕೆ. ಅವರು ನಗಲಿಲ್ಲ.

ದೀಪಾವಳಿ ದಾಟಿದ ಮೇಲೆ ಮನೆಗೆ ತಂದೆ.
ಬಚ್ಚಲ ಹಿಂದೆ, ಬಡಗಣ ಗೋಡೆಯ ನೆರಳು;
ದೊಡ್ಡ ಕುಂಡದೊಳಗೆ ಸಣ್ಣ ಕುಂಡ, ನಡುವೆ ಹಸಿ ಮರಳು.
ನೀರು ಬುಡದಿಂದ ಏರಬೇಕು,
ನೆತ್ತಿಗೆ ಸೋಕಬಾರದು.
ಏಳು ಸಸಿ ಎದ್ದವು.
ಎಲೆಯ ಮೇಲೆ ಬಿಳಿ ಹಿಟ್ಟು, ಈಗಷ್ಟೇ ಗಿರಣಿಯಿಂದ ಬಂದಂತೆ.

ನಾನು ರಾತ್ರಿ ಪಾಳಿಯಲ್ಲಿದ್ದೆ.
ಹುಲಿಗೆಮ್ಮ ಮೆಣಸಿನ ಹೊಲದಲ್ಲಿ ಬೆಳೆದವಳು.
ಬೂದಿರೋಗ ಅವಳಿಗೆ ಹಳೆಯ ಪರಿಚಯ.
ಒದ್ದೆ ಬಟ್ಟೆ ತಗೊಂಡು ಒಂದೊಂದೇ ಎಲೆಯನ್ನು
ಕೂಸಿನ ಮೂಗು ಒರೆಸಿದ ಹಾಗೆ ಒರೆಸಿದಳು.
ಗೋಡೆಗೆ ಒತ್ತಿಕೊಂಡ ಒಂದಕ್ಕೆ ಮಾತ್ರ
ಅವಳ ಬೆರಳು ಹೋಗಲಿಲ್ಲ.

ಮೂರೇ ದಿನ. ಆರು ಸಸಿ ಹಪ್ಪಳ.
ಅದು ರೋಗವಲ್ಲ, ಕೊಡೆ;
ಬಿಸಿಲಿಗೆ ಅವು ತಾವೇ ಬಳಿದುಕೊಂಡದ್ದು.
"ಬೂದಿ ಅಂದ್ಕೊಂಡ್ಯಾ..." ಅಂದಳು,
ಇಡೀ ದಿನ ಮತ್ತೇನೂ ಅನ್ನಲಿಲ್ಲ.
ಗಂಧಕದ ಪುಡಿ ನಾನೂ ತಂದಿಟ್ಟಿದ್ದೆ,
ಸೈಕಲ್ಲಿನ ಚೀಲದಲ್ಲಿ ಇನ್ನೂ ಇತ್ತು.
ಹೇಳಲಿಲ್ಲ.

ಉಳಿದ ಒಂದನ್ನು ಶಿವರಾತ್ರಿಗೆ ಮತ್ತೆ ಚೇಂಬರಿಗೆ ಒಯ್ದೆ.
ನಮ್ಮ ಬೇಸಿಗೆಯೇ ಅದರ ಚಳಿಗಾಲ.
ನಾವು ಮಾಳಿಗೆಗೆ ನೀರು ಚೆಲ್ಲಿ ಹೊರಳಾಡುವ ರಾತ್ರಿ
ಅದು ಎಲೆ ಕಳಚಿ, ಮುಷ್ಟಿಯಂಥ ಮೊಗ್ಗಾಗಿ,
ಘಾಟಿನ ಕತ್ತಲೆಯಲ್ಲಿ ನಿದ್ದೆ ಮಾಡಿತು.
ಕರೆಂಟು ಹೋದ ರಾತ್ರಿ ಡೀಸೆಲ್ ಜನರೇಟರಿಗೆ ಓಡುವಾಗ
ನನ್ನ ಕಣ್ಣ ಮುಂದೆ ಚೀಲಗಳಿರಲಿಲ್ಲ.

ಮರುವರ್ಷ ಎಳ್ಳಮಾವಾಸ್ಯೆಯ ಹಿಂದುಮುಂದು
ಬದನೆ ಹೂವಿಗಿಂತ ತುಸು ಗಾಢ,
ನಡುವೆ ಹಳದಿ ಕಣ್ಣು:
ಒಂದು ದಂಟು, ಒಂಬತ್ತು ಹೂ.
ಹುಲಿಗೆಮ್ಮ ಕೈ ಹಿಂದೆ ಕಟ್ಟಿಕೊಂಡೇ ಬಾಗಿ
ಮೂಸಿದಳು, ಸೀನಿದಳು.
ಹಿಟ್ಟು ಚೂರೂ ಅಲುಗಲಿಲ್ಲ.

ಈಗ ಮತ್ತೆ ಬಿಸಿಲು ಏರುತ್ತಿದೆ.
ಚೇಂಬರು ತುಂಬಿದೆ, ಜಾಗ ಇಲ್ಲ ಅಂದರು ಸಾವ್ಕಾರರು.
ನನಗಿಂತ ಮೊದಲು ಅವಳೇ ಹೋಗಿ
ಒಂದು ಚೀಲದ ಬಾಡಿಗೆ ಎಣಿಸಿಟ್ಟು ಬಂದಿದ್ದಳು.
ರಸೀದಿ ನೋಡಿದೆ:
ಹುಲಿಗೆಮ್ಮ. ಮಾಲು: ಕುಂಡ ಒಂದು.
ಷರಾ: ಯಾರೂ ಒರೆಸಬಾರದು.