ಮುಂದೆ ಬರೋ

ಬ್ಯೂಡ್ ಬಿಟ್ಟಾಗ ಒಂಬತ್ತೂಕಾಲು.
ವಸತಿಮನೆಯ ಮುದುಕಿ ಬಾಗಿಲಲ್ಲಿ ನಿಂತು
ನೈಋತ್ಯಕ್ಕೆ ಗದ್ದ ಎತ್ತಿ ತೋರಿಸಿ
'ಅತ್ತ ಹೋಗುವವರು ಯಾರೂ ಇಲ್ಲ ಇವತ್ತು' ಅಂದಳು.
ನಾವು ಅತ್ತಲೇ ಹೋಗುವವರು.

ಮುಂದೆ ವಾಮನ. ಹೆಸರಿಗಷ್ಟೇ ವಾಮನ, ಆರಡಿ ಎರಡಂಗುಲ,
ಹಳದಿ ಜಾಕೆಟ್ಟು ಗಾಳಿ ಕುಡಿದು ಗುಡಾಣವಾಗಿದೆ.
ಹಿಂದೆ ನಾನು, ಆ ಗುಡಾಣದ ಮರೆಯಲ್ಲಿ.
ಇಪ್ಪತ್ತಾರು ವರ್ಷದ ಸಂಸಾರದಲ್ಲಿ
ಈ ಮನುಷ್ಯನಿಂದ ಇಷ್ಟು ನೇರವಾದ ಉಪಕಾರ
ಕಾರ್ನ್‌ವಾಲಿನ ಈ ರಸ್ತೆಯಲ್ಲೇ ಮೊದಲಿರಬೇಕು:
ಗಾಳಿಗೆ ಅಡ್ಡ ಒಂದು ಬೆನ್ನು.

ವಿಡ್‌ಮತ್ ದಾಟಿದ ಮೇಲೆ ದಾರಿ
ಬಂಡೆಯಂಚಿಗೆ ಹತ್ತಿ, ಸಮುದ್ರವನ್ನು ಇಣುಕಿ,
ಹೆದರಿದ ಹಾಗೆ ಒಳಕ್ಕೆ ತಿರುಗಿ, ಮತ್ತೆ ಹತ್ತುತ್ತದೆ.
ಕುರಿಗಳು ಗಾಳಿಗೆ ಅಂಡು ತಿರುಗಿಸಿ ಮೇಯುತ್ತಿವೆ,
ಅವಕ್ಕಿರುವ ಬುದ್ಧಿ ನಮಗಿಲ್ಲ.
ಗಾಳಿ ಗುದ್ದಿ ಮೈ ನೋಯಿಸಿಕೊಂಡರು ಅನ್ನುವ ಗಾದೆಯನ್ನು
ಅಜ್ಜಿ ಯಾರ ಯಾರಿಗೋ ಬಳಸುತ್ತಿದ್ದಳು.
ಅದಕ್ಕೆ ನಾಲ್ಕು ಗಾಲಿ, ಒಂದು ವಾರದ ರಜೆ,
ಪಂಕ್ಚರ್ ಸಾಮಾನಿನ ಜೊತೆ ಹುರಿಗಡಲೆ ಸೇರಿಸಿದರೆ
ನಾವಿಬ್ಬರು.

ಏರಿನ ನಡುವೆ, ತಿರುವಿನಲ್ಲಿ,
ಹಿಂದಕ್ಕೆ ನೋಡದೆ ಅವನು ಕೂಗಿದ:
'ಮುಂದೆ ಬರೋ—'
ಅಷ್ಟೇ. ಉಳಿದದ್ದನ್ನು ಅಡ್ಡಗಾಳಿ ತಿಂದಿತು.

ನಮ್ಮ ಮಾತಿನ ಕಷ್ಟ ಇದು:
ಹೌದೋ ಅಲ್ಲವೋ ಎಂಬುದೆಲ್ಲ ಬಾಲದಲ್ಲಿ.
ಮುಂದೆ ಬರೋಣ, ಇನ್ನೊಮ್ಮೆ, ಅಂದನೋ,
ಮುಂದೆ ಬರೋದು ಬೇಡ ಅಂದನೋ.
ಈ ಊರಿನವರು ಬೇಡವನ್ನು ಮೊದಲೇ ಹೇಳಿ ಮುಗಿಸುತ್ತಾರೆ.
ನಾವು ಕೇಳುವವರನ್ನು ವಾಕ್ಯದ ಜಗಲಿಯ ಮೇಲೆ ಕೂರಿಸಿ
ಕೊನೆಗೆ ಬಾಗಿಲು ತೆಗೆಯುತ್ತೇವೆ,
ಇಲ್ಲವೇ ಅಗುಳಿ ಹಾಕುತ್ತೇವೆ.
ಎಲ್ಲಿ ಕಚ್ಚಬೇಕು ಅಂತ ಗಾಳಿಗೆ ಗೊತ್ತು.

ಹುಲ್ಲಿನ ಉರುಳೆ ಹೊತ್ತ ಟ್ರ್ಯಾಕ್ಟರೊಂದು ಎದುರಾಯಿತು.
ಬೇಲಿಯ ಮುಳ್ಳಿಗೊರಗಿ ದಾರಿ ಬಿಟ್ಟೆ,
ಓಡಿಸುವವನು ಒಂದು ಬೆರಳೆತ್ತಿ ಉಪಕಾರ ತೀರಿಸಿದ.
ತಲೆಯೊಳಗೆ ಮಾತ್ರ ಬರೋ, ಬರೋ, ಬರೋ,
ಪೆಡಲಿನ ಒಂದೊಂದು ಸುತ್ತಿಗೂ.

ನೆನಪಾಯಿತು: ಮೊನ್ನೆ ಅವನು ಮಂಡಿ ಹಿಡಿದು ಮೆಟ್ಟಿಲಿಳಿದದ್ದು.
ನಿನ್ನೆ ರಾತ್ರಿ ನಾನು ಅಂದದ್ದು:
'ನಿನಗೆ ಹತ್ತುವುದೊಂದು ಗೊತ್ತು, ಜೊತೆ ಹೋಗುವುದು ಗೊತ್ತಿಲ್ಲ.'
ಅದರ ಬಾಲವನ್ನು ಯಾವ ಗಾಳಿಯೂ ಕಚ್ಚಲಿಲ್ಲ.
ಕಿಟಕಿ ಮುಚ್ಚಿತ್ತು.

ಮಿಲುಕ್ ಇಳಿಜಾರು. ಫಲಕದಲ್ಲಿ ನೂರಕ್ಕೆ ಮೂವತ್ತು.
ಬ್ರೇಕುಗಳು ಹಂದಿಮರಿಯ ಹಾಗೆ ಅರಚಿ
ರಬ್ಬರು ಸುಟ್ಟ ವಾಸನೆ. ಕೆಳಗೆ
ಅಂಕುಡೊಂಕಾಗಿ ನಿರಿಗೆ ಬಿದ್ದ ಬಂಡೆಗೋಡೆ,
ಯಾರೋ ಒದ್ದೆ ಕಂಬಳಿ ಹಿಂಡಿ
ಕೊಡವದೆ ಎದ್ದುಹೋದಂತೆ.
ಹಳ್ಳದ ಹತ್ತಿರ ಗಾಳಿ ತಟ್ಟನೆ ಇಲ್ಲ.
ಕಿವಿಯೊಳಗೆ ನನ್ನದೇ ರಕ್ತದ ಸದ್ದು.

ಆಚೆಯ ಏರಿಗೆ ಇಬ್ಬರೂ ಇಳಿದು ತಳ್ಳಿದೆವು.
ಸೈಕಲ್ಲು ಸಂತೆಗೆ ಒಲ್ಲದ ಎಮ್ಮೆಯಂತೆ ಜಗ್ಗುತ್ತಿತ್ತು.
ತಳ್ಳುವಾಗ ಮುಂದೆ ಹಿಂದೆ ಅಂತ ಇರುವುದಿಲ್ಲ.
ಕೇಳಿದೆ: 'ಅಲ್ಲಿ ಏನಂದೆ?'
'ಎಲ್ಲಿ?'
'ತಿರುವಿನಲ್ಲಿ. ಮುಂದೆ ಬರೋ, ಅಂತ ಏನೋ.'
'ಓ, ಅದಾ. ಮುಂದೆ ಬರೋ ಟ್ರ್ಯಾಕ್ಟರ್ ನೋಡ್ಕೋ ಅಂದೆ.'

ಆ ಟ್ರ್ಯಾಕ್ಟರು ಅಷ್ಟರಲ್ಲಿ ಯಾವುದೋ ಕೊಟ್ಟಿಗೆ ಸೇರಿ
ಹುಲ್ಲಿಳಿಸಿ, ಇಂಜಿನ್ ಆರಿಸಿ, ತಣ್ಣಗಾಗಿರಬೇಕು.
ನಾನದನ್ನು ಇಲ್ಲಿಯವರೆಗೂ ಹೊತ್ತು ತಂದಿದ್ದೆ.
ನಗಲು ಉಸಿರಿರಲಿಲ್ಲ.
'ಯಾಕೆ, ನಿನಗೇನು ಕೇಳಿಸಿತು?'
'ಏನಿಲ್ಲ' ಅಂದೆ,
ಬಾಲ ಸಮೇತ.

ಏರಿನ ತಲೆಯಲ್ಲಿ ಗಾಳಿ ಕಾದು ಕೂತಿತ್ತು.
'ಈಗ ನಾನು ಮುಂದೆ.'
ಅವನು ನನ್ನ ಮುಖ ನೋಡಿದ, ಮಂಡಿ ಉಜ್ಜಿಕೊಂಡ, ಹಿಂದೆ ಸರಿದ.
ಮೊದಲ ಏಟಿಗೇ ಕಣ್ಣಲ್ಲಿ ನೀರು, ಬಾಯಲ್ಲಿ ಉಪ್ಪು,
ಹ್ಯಾಂಡಲ್ಲು ಅತ್ತ ಇತ್ತ.
ಬೆಳಗಿನಿಂದ ಇದನ್ನೇ ತಿನ್ನುತ್ತಿದ್ದನೇ ಇವನು,
ತುಟಿ ಬಿಚ್ಚದೆ?

ಕ್ರ್ಯಾಕಿಂಗ್ಟನ್ ಕಡೆಗೆ ಇಳಿಯುವ ಮುಂಚೆ
ಹಿಂದೆ ತಿರುಗದೆ ಒಂದು ಪೂರ್ತಿ ವಾಕ್ಯ ಕೂಗಿದೆ,
ಕೊನೆಯ ಪದಕ್ಕೆ ಇದ್ದಬದ್ದ ಬಲವೆಲ್ಲ ಹಾಕಿ.

ಬೆನ್ನ ಹಿಂದಿನಿಂದ ಒಂದು ಸಲ ಗಂಟೆ ಬಾರಿಸಿತು.
ಕೇಳಿಸಿತು ಅಂತಲೋ,
ಏನೂ ಕೇಳಿಸಲಿಲ್ಲ ಅಂತಲೋ,
ಮುಂದೆ ಏನೋ ಬರುತ್ತಿದೆ, ನೋಡ್ಕೋ ಅಂತಲೋ.