ಪಗುಮೆ ಮೂರು

ದೆಬ್ರೆ ಬಿರ್ಹಾನಿನ ಹೆರಿಗೆ ಕೋಣೆಯ ಮೂಲೆಯಲ್ಲಿ
ದಾದಿ ಯೆಶಿಮೆಬೆತ್ ಒಂದೇ ಬೆರಳಲ್ಲಿ ಒತ್ತುತ್ತಾಳೆ:
ತಾಯಿ ಬಂದದ್ದು ಹನ್ನೊಂದಕ್ಕೆ.
ಮಗು ಹುಟ್ಟಿದ್ದು ರಾತ್ರಿ ಎಂಟಕ್ಕೆ.

ಪರದೆ ಕೆಂಪಗಾಯಿತು:
ತಾಯಿ ಬರುವ ಮೊದಲೇ ಮಗು ಹುಟ್ಟಿದೆ. ಸರಿಪಡಿಸಿ.

ಆ ಪೆಟ್ಟಿಗೆಗೇನು ಗೊತ್ತು,
ಇಲ್ಲಿಯ ಗಡಿಯಾರ ಕೋಳಿಯ ಜೊತೆ ಏಳುತ್ತದೆಂದು,
ಬೆಳಕು ಹರಿದಾಗಿಂದ ಒಂದು, ಎರಡು, ಮೂರು,
ಹೊತ್ತು ಮುಳುಗಿದ ಮೇಲೆ ಮತ್ತೆ ಒಂದರಿಂದ.
ಬಸುರಿ ಬಂದದ್ದು ಇಳಿಬಿಸಿಲಲ್ಲಿ,
ಹೆತ್ತದ್ದು ನಾಯಿಗಳೂ ಬೊಗಳಿ ದಣಿದ ಸರಿರಾತ್ರಿಯಲ್ಲಿ.

ಅದಾದರೂ ಹೇಗೋ ಆದೀತು.
ತಿಂಗಳ ಪಟ್ಟಿ ಎಳೆದರೆ
ಮೆಸ್ಕೆರೆಮ್‌ನಿಂದ ನೆಹಾಸೆವರೆಗೆ, ಹನ್ನೆರಡೇ.
ಪಗುಮೆ ಇಲ್ಲ.
ಹೊಸ ವರ್ಷದ ಹೊಸಿಲ ಮೇಲೆ ಕಾಲು ಮಡಚಿ ಕೂತ
ಐದೇ ದಿನದ ತಿಂಗಳು,
ಸಂಬಳ ತರದ, ಬಾಡಿಗೆ ಕೇಳದ ತಿಂಗಳು.
ಬರಗಾಲದಲ್ಲಿ ಅಧಿಕಮಾಸ ಎಂದು ನಾವು ಗೊಣಗುತ್ತೇವಲ್ಲ,
ಅಲ್ಲಿ ಆ ಗೊಣಗಿಲ್ಲ.
ಪಗುಮೆ ಮೂರರ ಮಳೆ ಪುಣ್ಯದ್ದೆಂದು
ಮಕ್ಕಳು ಅಂಗಿ ಕಿತ್ತೆಸೆದು ಅಂಗಳಕ್ಕೆ ಓಡುತ್ತಾರೆ.

ಫೋನು ಅದ್ದಿಸ್ ಅಬಾಬಾಕ್ಕೆ. ಹಬ್ತಾಮು ಎತ್ತಿಕೊಂಡ,
ತಂತ್ರಾಂಶಕ್ಕೆ ಅಮ್ಹಾರಿಕ್ ತೊಡಿಸಿದವನು,
ಪ್ರತಿ ಗುಂಡಿಗೂ ಪದ ಹುಡುಕಿ ವಾರಗಟ್ಟಲೆ ನಿದ್ದೆ ಕೆಟ್ಟವನು.
ಪದಗಳೆಲ್ಲ ಸರಿ ಇದ್ದವು. ಒಳಗಿನ ದಿನ ಮಾತ್ರ
ಬೇರೆಯವರದು.
'ಸದ್ಯಕ್ಕೆ ನೆಹಾಸೆ ಮೂವತ್ತು ಅಂತ ಹಾಕಿಬಿಡಿ ಅಕ್ಕಾ,
ಮುಂದಿನ ಆವೃತ್ತಿಯಲ್ಲಿ ನೋಡೋಣ.'

'ನಿನ್ನಮ್ಮ ನಿನ್ನನ್ನ
ಪಟ್ಟಿ ನೋಡಿಕೊಂಡು ಹೆತ್ತಳೇನೋ?'

ಆ ಕಡೆ ಬಹಳ ಹೊತ್ತು ಮಾತಿಲ್ಲ.
ಅವನ ಕೈಗಡಿಯಾರದಲ್ಲಿ ಊರ ಹೊತ್ತು,
ಎದುರಿನ ಪರದೆಯಲ್ಲಿ ಲೋಕದ ಹೊತ್ತು,
ನಡುವೆ ಆರು ತಾಸು;
ಇಷ್ಟು ವರ್ಷ ಅದನ್ನವನು
ಮನಸ್ಸಲ್ಲೇ ಕೂಡಿ ಕಳೆದು ನಡೆಸಿದ್ದ,
ಲೆಕ್ಕವೆನಿಸದಷ್ಟು ರೂಢಿ.

ಸಂಜೆಯೊಳಗೆ ಪಟ್ಟಿಯ ತುದಿಗೆ ಹದಿಮೂರನೆಯದು ಬಂತು,
ಐದು ದಿನ, ನಾಲ್ಕು ವರ್ಷಕ್ಕೊಮ್ಮೆ ಆರು.
ಎಂಟು ಗಂಟೆ ಎಂಟಾಗಿಯೇ ಉಳಿಯಿತು.
ಮಗು ತಾಯಿಯ ನಂತರ ಹುಟ್ಟಿತು.

ಹೊರಗೆ ತಗಡಿನ ಮೇಲೆ ಮಳೆ.
ಬಾಣಂತಿ ಕಿಟಕಿಯತ್ತ ಗಲ್ಲ ತಿರುವಿ
ಹೆಸರು ಹೇಳಿದಳು: ಜೆನೆಬೆಚ್.
ಸುರಿದಳು ಎಂದರ್ಥ, ಮಳೆಯಾಗಿ.
ನಾಲ್ಕೇ ಅಕ್ಷರ, ಚೌಕದಲ್ಲಿ ಹಾಯಾಗಿ ಹಿಡಿಸಿತು.

ಕೆಳಗೆ ಇನ್ನೊಂದು ಚೌಕ ಕೆಂಪಾಗಿ ಮಿಟುಕಿತು:
ಮನೆತನದ ಹೆಸರು ಕಡ್ಡಾಯ.

ಅಪ್ಪನ ಹೆಸರೇ ಎರಡನೆಯ ಹೆಸರಾದ ನಾಡಲ್ಲಿ
ಮನೆತನವನ್ನು ಎಲ್ಲಿಂದ ತರುವುದು?
ಯೆಶಿಮೆಬೆತ್ ಸೆರಗಿಗೆ ಬೆರಳು ಒರೆಸಿಕೊಂಡು
ಮತ್ತೆ ಫೋನು ಎತ್ತಿಕೊಂಡಳು.